ಕಾರಿನ ಗಾಜಿನ ಬುಡದ ಕಪ್ಪು ಪಟ್ಟಿ

ಹದಿನೈದು ವರ್ಷ ದಾಟಿದ ಯಾವ ಕಾರಿನ ಪಕ್ಕದಲ್ಲಾದರೂ ನಿಂತು, ಬಾಗಿಲಿನ ಗಾಜು ತಗಡಿನೊಳಗೆ ಇಳಿಯುವ ಜಾಗವನ್ನು ನೋಡಿ. ಗಾಜಿಗೆ ಒತ್ತಿಕೊಂಡು ಬಾಗಿಲಿನ ಉದ್ದಕ್ಕೂ ಒಂದು ಕಪ್ಪು ಪಟ್ಟಿ ಇರುತ್ತದೆ. ಗ್ಯಾರೇಜಿನವರು ಇದನ್ನು ಔಟರ್ ಬೀಡಿಂಗ್ ಅನ್ನುತ್ತಾರೆ. ಹೊಸದಿದ್ದಾಗ ಯಾರ ಕಣ್ಣಿಗೂ ಬೀಳದ ವಸ್ತು. ವಯಸ್ಸಾದಂತೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ಅಡ್ಡಡ್ಡ ಬಿರುಕು ಬಿಡುತ್ತದೆ, ಮೂಲೆಯಲ್ಲಿ ಕುಗ್ಗಿ ಒಳಗಿನ ತಗಡನ್ನು ತೋರಿಸುತ್ತದೆ. ಪೇಂಟ್ ಎಷ್ಟೇ ಚೆನ್ನಾಗಿದ್ದರೂ ಈ ಒಂದು ಪಟ್ಟಿಯಿಂದಾಗಿ ಇಡೀ ಕಾರಿಗೆ ಮುದಿ ಕಳೆ ಬಂದುಬಿಡುತ್ತದೆ.

ಹೆಚ್ಚಿನವರು ಇದನ್ನು ಬರೀ ಅಂದಚೆಂದದ ವಿಷಯ ಎಂದುಕೊಂಡಿದ್ದಾರೆ. ವಾಟರ್ ವಾಶ್‌ಗೆ ಬಿಟ್ಟಾಗ ಟೈರಿಗೆ ಹಾಕುವ ಪಾಲಿಶನ್ನೇ ಇದಕ್ಕೂ ಒಂದು ಕೈ ಬಳಿಸುತ್ತಾರೆ. ಎರಡು ವಾರ ಹೊಳೆಯುತ್ತದೆ, ಆಮೇಲೆ ಮತ್ತೆ ಅದೇ ಬೂದು. ಬೀಡಿಂಗಿಗೆ ಇರುವ ಕೆಲಸ ಬೇರೆ. ಮಣ್ಣಿನ ಗೋಡೆಗೆ ಸೂರು ಹೇಗೋ ಬಾಗಿಲಿನ ತಗಡಿಗೆ ಇದು ಹಾಗೆ: ಮೇಲಿಂದ ಬೀಳುವ ನೀರನ್ನು ಹೊರಗೆ ಹಾಯಿಸಿ ಒಳಗಿನದನ್ನು ಕಾಯುವುದು. ಹಳೆಯ ಕಾರನ್ನು ಇನ್ನಷ್ಟು ವರ್ಷ ಓಡಿಸಬೇಕು ಎಂದುಕೊಂಡವರು ಪೇಂಟಿಗಿಂತ, ಸೀಟ್ ಕವರಿಗಿಂತ ಮೊದಲು ಇದರ ಕಡೆ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಕೆಲವು ಕಾರುಗಳಲ್ಲಿರುವಂತೆ ಲೋಹದ ಪಟ್ಟಿಯಾದರೆ ಉಳಿಸಿಕೊಳ್ಳಲು ನೋಡಿ. ರಬ್ಬರ್ ಒಮ್ಮೆ ಗಟ್ಟಿಯಾಗಿ ಒಡೆಯಿತೆಂದರೆ ಅದಕ್ಕೆ ಮದ್ದಿಲ್ಲ, ಬದಲಿಸಿ.

ಬಾಗಿಲಿನ ಒಳಗೆ ನೀರು ಇಳಿಯುವುದೇ ಇಲ್ಲ ಎಂದು ಅನೇಕರು ನಂಬಿದ್ದಾರೆ. ನಿಜದಲ್ಲಿ ಹೊಸ ಕಾರಿನಲ್ಲೂ ಸ್ವಲ್ಪ ನೀರು ಇಳಿಯುತ್ತದೆ. ಗಾಜು ಮೇಲೆ ಕೆಳಗೆ ಓಡಾಡಬೇಕಾದ್ದರಿಂದ ಆ ಸಂದನ್ನು ಪೂರ್ತಿ ಮುಚ್ಚಲು ಬರುವುದಿಲ್ಲ. ಹಾಗಾಗಿ ಬಾಗಿಲನ್ನು ರೂಪಿಸುವಾಗಲೇ ಅದರ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಒಳಗಡೆ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಇಳಿದ ನೀರು ಪ್ಯಾಡಿಗೂ ಕಾರಿನ ನೆಲಕ್ಕೂ ಬರದಂತೆ ತಡೆಯುವುದು ಅದರ ಕೆಲಸ. ಇಳಿಯುವ ನೀರು ಕಡಿಮೆಯಿರಬೇಕು, ಅದರ ಜೊತೆ ಕಸಕಡ್ಡಿ ಇರಬಾರದು, ತಳದ ತೂತುಗಳು ತೆರೆದಿರಬೇಕು. ಈ ಮೂರರಲ್ಲಿ ಮೊದಲಿನ ಎರಡನ್ನು ನೋಡಿಕೊಳ್ಳುವುದು ಬೀಡಿಂಗ್.

ಅದರ ಅಂಚು ಗಾಜಿನಿಂದ ದೂರ ಸರಿದಾಗ ಮಳೆನೀರಿನ ಜೊತೆ ಧೂಳು, ಒಣಗಿದ ಎಲೆಯ ಚೂರು, ಮರದ ಹೂವಿನ ಪುಡಿ ಎಲ್ಲವೂ ಒಳಗಿಳಿಯುತ್ತವೆ. ಹೊಂಗೆ ಅಥವಾ ಮಳೆಮರದ ಕೆಳಗೆ ಕಾರು ನಿಲ್ಲಿಸುವವರ ಬಾಗಿಲನ್ನು ಬಿಚ್ಚಿದರೆ ತಳದಲ್ಲಿ ಕಪ್ಪು ಗೊಬ್ಬರದಂಥ ಪದರ ಸಿಗುವುದು ಇದರಿಂದಲೇ. ಆ ಪದರ ತೂತನ್ನು ಮುಚ್ಚುತ್ತದೆ, ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಬಾಗಿಲಿನ ತಳದ ಮಡಿಕೆ, ಅಂದರೆ ಹೊರತಗಡನ್ನು ಒಳತಗಡಿನ ಮೇಲೆ ಮಡಚಿರುವ ಜಾಗ, ಮೊದಲು ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಪೇಂಟ್ ಗುಳ್ಳೆ ಎದ್ದದ್ದು ಕಾಣುವಷ್ಟರಲ್ಲಿ ಒಳಗೆ ತಗಡು ಜಾಳಾಗಿರುತ್ತದೆ. ಆಮೇಲೆ ಟಿಂಕರಿಂಗ್, ಪ್ಯಾಚ್, ಪುಟ್ಟಿ, ಪೇಂಟ್ ಎಂದು ಖರ್ಚು ಬೆಳೆಯುತ್ತದೆ. ಕೆಲವು ನೂರು ರೂಪಾಯಿಯ ರಬ್ಬರ್ ತಡೆಯಬಹುದಾಗಿದ್ದ ಖರ್ಚು ಅದು. ಪವರ್ ವಿಂಡೋ ಇರುವ ಕಾರಿನಲ್ಲಿ ಮೋಟರಿಗೂ ಕನೆಕ್ಟರಿಗೂ ಇದೇ ನೀರು ಶತ್ರು. ಗಾಜಿನ ಮೇಲೆ ಮೇಲಿಂದ ಕೆಳಕ್ಕೆ ನೇರವಾಗಿ ಬೀಳುವ ಸಣ್ಣ ಗೀರುಗಳಿಗೆ, ಬೀಡಿಂಗಿನ ಒಳಮೈಯ ಮಖಮಲ್ಲಿನಂಥ ನಾರು ಸವೆದು ಅಲ್ಲಿ ಮರಳಿನ ಕಣ ಕೂತಿರುವುದು ಸಾಮಾನ್ಯ ಕಾರಣ. ಬೀಡಿಂಗ್ ಬದಲಿಸಬಹುದು, ಆ ಗೀರು ಹೋಗುವುದಿಲ್ಲ.

ಈ ಪಟ್ಟಿ ಯಾಕೆ ಹೀಗೆ ಹಾಳಾಗುತ್ತದೆ? ಅದು ಒಂದೇ ವಸ್ತುವಿನಿಂದ ಆದದ್ದಲ್ಲ. ನಡುವೆ ತೆಳುವಾದ ಉಕ್ಕಿನ ಅಥವಾ ಅಲ್ಯೂಮಿನಿಯಂ ಎಲುಬು, ಮೇಲೆ ರಬ್ಬರ್ ಇಲ್ಲವೇ ಪಿವಿಸಿ ಹೊದಿಕೆ, ಗಾಜಿಗೆ ತಾಗುವ ಅಂಚಿಗೆ ಅಂಟಿಸಿದ ನಾರು. ಕಾರಿನ ಹೊರಮೈಗೆ ಬಳಸುವ ಒಳ್ಳೆಯ ರಬ್ಬರ್ ಎಂದರೆ ಇಪಿಡಿಎಂ ಎಂಬ ಕೃತಕ ರಬ್ಬರ್. ಮರದಿಂದ ಬರುವ ರಬ್ಬರಿನ ಅಣುಸರಪಳಿಯ ಬೆನ್ನೆಲುಬಿನಲ್ಲಿ ಜೋಡಿಬಂಧಗಳಿರುತ್ತವೆ. ಗಾಳಿಯಲ್ಲಿರುವ ಓಝೋನ್ ಆ ಬಂಧಗಳನ್ನೇ ಕತ್ತರಿಸುತ್ತದೆ. ಇಪಿಡಿಎಂನ ಬೆನ್ನೆಲುಬಿನಲ್ಲಿ ಜೋಡಿಬಂಧಗಳಿಲ್ಲ, ಹಾಗಾಗಿ ಬಿಸಿಲಿಗೂ ಓಝೋನಿಗೂ ಬಹುಕಾಲ ತಡೆಯುತ್ತದೆ. ಅದರ ಕಪ್ಪು ಬಣ್ಣ ಕೂಡ ಅಂದಕ್ಕೆಂದು ಬಂದದ್ದಲ್ಲ. ಬೆರೆಸಿರುವ ಇಂಗಾಲದ ಕಪ್ಪು ಪುಡಿ ಅತಿನೇರಳೆ ಕಿರಣಗಳನ್ನು ತಾನೇ ಹೀರಿಕೊಂಡು ರಬ್ಬರನ್ನು ಕಾಪಾಡುತ್ತದೆ. ವರ್ಷಗಳ ಬಿಸಿಲಿನಲ್ಲಿ ಮೇಲ್ಮೈಯ ರಬ್ಬರ್ ಕ್ಷಯಿಸಿದಾಗ ಆ ಪುಡಿ ಸಡಿಲವಾಗುತ್ತದೆ. ಬೆರಳಿಗೆ ಹತ್ತುವ ಮಸಿ ಅದೇ.

ಪಿವಿಸಿಯ ಕಥೆ ಬೇರೆ. ಪಿವಿಸಿ ಹುಟ್ಟಿನಿಂದ ಗಟ್ಟಿ ವಸ್ತು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಮೃದುಕಾರಿ ದ್ರವ್ಯ ಸೇರಿಸಿರುತ್ತಾರೆ. ಬಿಸಿಲಿನಲ್ಲಿ ನಿಂತ ಕಾರಿನ ಕಪ್ಪು ಪಟ್ಟಿ ಕೈ ಇಡಲಾಗದಷ್ಟು ಕಾಯುತ್ತದೆ, ಆಗೆಲ್ಲ ಈ ದ್ರವ್ಯ ಸ್ವಲ್ಪ ಸ್ವಲ್ಪವೇ ಹೊರಟುಹೋಗುತ್ತದೆ. ಉಳಿದದ್ದು ಬಿರುಸಾಗುತ್ತದೆ, ಉದ್ದದಲ್ಲೂ ಕುಗ್ಗುತ್ತದೆ. ಮೂಲೆಯಲ್ಲಿ ಪಟ್ಟಿ ಗಿಡ್ಡವಾದಂತೆ ಕಾಣುವುದಕ್ಕೆ ಇದೇ ಕಾರಣ. ಕುಗ್ಗಿದ ಜಾಗದಿಂದ ನೀರು ಎಲುಬನ್ನು ಮುಟ್ಟುತ್ತದೆ. ಉಕ್ಕಿನ ಎಲುಬಾದರೆ ತುಕ್ಕು ಹಿಡಿದು ಉಬ್ಬಿ, ಒಳಗಿನಿಂದಲೇ ಹೊದಿಕೆಯನ್ನು ಸೀಳುತ್ತದೆ.

ನಮ್ಮ ರಾಜ್ಯದೊಳಗೇ ಒಂದೊಂದು ಸೀಮೆಯ ಕಾರಿಗೆ ಒಂದೊಂದು ಬಗೆಯ ಕಷ್ಟ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಅಲ್ಲಿನ ಕಾರುಗಳಲ್ಲಿ ಪಟ್ಟಿ ಒಣಗಿ ಒಡೆಯುತ್ತದೆ, ಆದರೆ ಕೆಳಗಿನ ತಗಡು ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರು, ಉಡುಪಿಯಲ್ಲಿ ಉಪ್ಪುಗಾಳಿಯೂ ಸೇರಿ, ಪಟ್ಟಿ ನೋಡಲು ಚೆನ್ನಾಗಿದ್ದಾಗಲೇ ಅದರ ಕೆಳಗೆ ತುಕ್ಕು ಹಬ್ಬಿರುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸೆಕೆ ಕಡಿಮೆ ಅನ್ನಿಸಿದರೂ ಬಿಸಿಲು ಚುರುಕು. ಮೇಲೆ ಹಗಲೆಲ್ಲ ಕಟ್ಟಡ ಕಟ್ಟುವ ಧೂಳು. ಇಲ್ಲಿ ಮೊದಲು ಸವೆಯುವುದು ನಾರು. ಹಾಗಾಗಿ ಕರಾವಳಿಯಿಂದ ಬಂದ ಹಳೆಯ ಕಾರನ್ನು ಕೊಳ್ಳುವವರು ಬೀಡಿಂಗಿನ ಒಂದು ತುದಿಯನ್ನಾದರೂ ಎತ್ತಿ ಕೆಳಗೆ ನೋಡದೆ ಮುಂಗಡ ಕೊಡಬಾರದು.

ನಿಮ್ಮ ಕಾರಿನ ಬೀಡಿಂಗ್ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಹೆಬ್ಬೆರಳಿನ ಉಗುರಿನಿಂದ ಒತ್ತಿ. ಉಗುರಿನ ಗುರುತು ಮೂಡಿ ನಿಧಾನಕ್ಕೆ ಮಾಯವಾದರೆ ಅದರಲ್ಲಿ ಇನ್ನೂ ಜೀವವಿದೆ. ಕಲ್ಲಿನಂತೆ ಮಣಿಯದೆ ನಿಂತರೆ, ಇಲ್ಲವೇ ಒತ್ತಿದಾಗ ಚೂರಾಗಿ ಉದುರಿದರೆ ಇಲ್ಲ. ಆಮೇಲೆ ಗಾಜನ್ನು ಪೂರ್ತಿ ಏರಿಸಿ, ಅಂಚಿಗೂ ಗಾಜಿಗೂ ನಡುವೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿ. ಸ್ವಲ್ಪ ಹಿಡಿತ ಸಿಗಬೇಕು. ಉದ್ದಕ್ಕೂ ಹೀಗೆ ನೋಡಿದರೆ ಎಲ್ಲಿ ಸಡಿಲವಾಗಿದೆ ಎಂಬುದು ಗೊತ್ತಾಗುತ್ತದೆ. ಹಿಂದಿನ ಬಾಗಿಲುಗಳ ಗಾಜನ್ನು ನಾವು ಅಷ್ಟಾಗಿ ಇಳಿಸುವುದಿಲ್ಲ, ಹಾಗಾಗಿ ಅಲ್ಲಿನವು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತವೆ. ಚಾಲಕನ ಬಾಗಿಲಿನದು ಮೊದಲು ಹೋಗುತ್ತದೆ.

ಜೀವವಿರುವ ರಬ್ಬರನ್ನು ಕಾಪಾಡುವುದು ಸುಲಭ. ಕಾರು ತೊಳೆಯುವ ಶಾಂಪೂ, ನೀರು, ಮೆತ್ತನೆಯ ಬ್ರಷ್. ನೆರಳಿನಲ್ಲಿ ಒಣಗಿದ ಮೇಲೆ ಬಟ್ಟೆಗೆ ಸಿಲಿಕೋನ್ ಸ್ಪ್ರೇ ಹೊಡೆದುಕೊಂಡು ಒರೆಸುವುದು. ನೇರವಾಗಿ ಪಟ್ಟಿಗೆ ಸ್ಪ್ರೇ ಮಾಡಿದರೆ ಪೇಂಟಿಗೂ ತಾಗಿ, ಮುಂದೆ ಎಂದಾದರೂ ಪೇಂಟ್ ಹೊಡೆಸುವಾಗ ಆ ಜಾಗದಲ್ಲಿ ಬಣ್ಣ ನಿಲ್ಲದೆ ಕುಳಿ ಬೀಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮಾಡಿದರೂ ಸಾಕು. ಇಲ್ಲಿ ಮುಖ್ಯವಾದದ್ದು ಏನು ಹಚ್ಚಬಾರದು ಎಂಬುದು. ಇಪಿಡಿಎಂ ಎಷ್ಟೇ ಗಟ್ಟಿಗನಾದರೂ ಪೆಟ್ರೋಲಿಯಂ ಎಣ್ಣೆಗಳನ್ನು ತಡೆದುಕೊಳ್ಳುವುದಿಲ್ಲ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಗ್ರೀಸ್, ಕೊನೆಗೆ ವ್ಯಾಸಲೀನ್ ಕೂಡ ಅದನ್ನು ಊದಿಸಿ ಮೆತ್ತಗೆ ಮಾಡುತ್ತವೆ. ಹಚ್ಚಿದ ದಿನ ಕಪ್ಪಗೆ ಹೊಳೆಯುತ್ತದೆ ನಿಜ. ಆದರೆ ಊದಿದ ರಬ್ಬರ್ ಅಂಟಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ, ಬೇಗ ಹರಿಯುತ್ತದೆ. ಡೀಸೆಲ್ ಅದ್ದಿದ ಬಟ್ಟೆಯಿಂದ ಇಡೀ ಕಾರನ್ನು ಒರೆಸಿ ಹೊಳಪು ತರುವ ಪದ್ಧತಿ ನಮ್ಮಲ್ಲಿ ಇನ್ನೂ ಕೆಲವೆಡೆ ಇದೆ. ದಯವಿಟ್ಟು ಬಿಡಿ. ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಕಾರು ಒರೆಸಲು ಬರುವವರಿಗೂ ಒಂದು ಮಾತು ಹೇಳಿಡಿ: ಗಾಜನ್ನು ಒರೆಸುವಾಗ ಬಟ್ಟೆಯನ್ನು ಬೀಡಿಂಗಿನ ಸಂದಿಗೆ ಒತ್ತಿ ಎಳೆಯುವುದು ಬೇಡ, ಆ ಸಂದಿಯ ಧೂಳನ್ನು ಒಣ ಬ್ರಷ್ಷಿನಿಂದ ತೆಗೆದರೆ ಸಾಕು.

ಸತ್ತ ರಬ್ಬರಿನ ಮೇಲೆ ಕಪ್ಪು ಪೇಂಟ್ ಹೊಡೆಸುವುದನ್ನೂ ನೋಡಿದ್ದೇನೆ. ಬಾಗುವ ವಸ್ತುವಿನ ಮೇಲೆ ಬಾಗದ ಬಣ್ಣ ನಿಲ್ಲುವುದಿಲ್ಲ, ಹೊಟ್ಟಿನಂತೆ ಏಳುತ್ತದೆ. ಬಾಗಿಲಿನ ಚೌಕಟ್ಟಿನ ಕಂಬಗಳ ಮೇಲಿನ ಕಪ್ಪು ಬಣ್ಣದ ಲೆಕ್ಕ ಬೇರೆ. ಅದು ತಗಡಿನ ಮೇಲೆ ಹೊಡೆದ ಪೇಂಟ್ ಅಥವಾ ಅಂಟಿಸಿದ ವಿನೈಲ್ ಹಾಳೆ. ವಿನೈಲ್ ಸುಲಿದಿದ್ದರೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಪೂರ್ತಿ ತೆಗೆದು ಹೊಸದನ್ನು ಅಂಟಿಸಬಹುದು. ಪೇಂಟ್ ಆಗಿದ್ದರೆ 400ರ ಎಮರಿ ಹಾಳೆಯಿಂದ ನೀರು ಹಾಕಿ ತಿಕ್ಕಿ, ತಗಡು ಕಂಡ ಕಡೆ ಪ್ರೈಮರ್ ಕೊಟ್ಟು, ಹೊಳಪಿಲ್ಲದ ಕಪ್ಪನ್ನು ತೆಳುವಾಗಿ ಎರಡು ಮೂರು ಸಲ ಹೊಡೆದರೆ ಮನೆಯಲ್ಲೇ ಮುಗಿಯುವ ಕೆಲಸ.

ಲೋಹದ ಪಟ್ಟಿಗಳಿಗೆ ತಾಳ್ಮೆ ಬೇಕು. ಮೊದಲು ಅದು ಯಾವ ಲೋಹ ಎಂದು ಗುರುತಿಸಬೇಕು. ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಅದೃಷ್ಟ. ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿದರೆ ಮೂಲ ಹೊಳಪು ಬರುತ್ತದೆ, ನೆಗ್ಗು ಬಿದ್ದಿದ್ದರೆ ಬಿಚ್ಚಿ ಒಳಗಿನಿಂದ ಮೆಲ್ಲಗೆ ತಟ್ಟಿ ಸರಿಮಾಡಬಹುದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳ ಕ್ರೋಮ್ ಭಾಗಗಳಲ್ಲಿ ಹೊಳೆಯುವ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಅದರ ಕೆಳಗೆ ನಿಕ್ಕಲ್. ಮೇಲ್ಮೈಯಲ್ಲಿ ಕಂದು ಚುಕ್ಕೆಗಳಷ್ಟೇ ಇದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಹೋಗುತ್ತವೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದು, ಗೀರು ಬೀಳುವುದಿಲ್ಲ. ಪದರವೇ ಎದ್ದು ಬಂದಿದ್ದರೆ ಮತ್ತೆ ಪ್ಲೇಟಿಂಗ್ ಮಾಡಿಸದೆ ದಾರಿಯಿಲ್ಲ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಒಳ್ಳೆಯ ಹಳೆಯ ಪಟ್ಟಿ ಸಿಗುವುದು ದಿನದಿನಕ್ಕೆ ಕಷ್ಟವಾಗುತ್ತಿದೆ, ಇರುವುದನ್ನು ಎಸೆಯಬೇಡಿ.

ಕೆಲವು ಯುರೋಪಿನ ಕಾರುಗಳಲ್ಲಿ ಗಾಜಿನ ಸುತ್ತ ಬೆಳ್ಳಿಯಂತೆ ಕಾಣುವ ಪಟ್ಟಿ ಆನೋಡೈಸ್ ಮಾಡಿದ ಅಲ್ಯೂಮಿನಿಯಂ. ಇದರ ಮೇಲಿನ ರಕ್ಷಕ ಆಕ್ಸೈಡ್ ಪದರ ಕ್ಷಾರಕ್ಕೆ ಕರಗುತ್ತದೆ. ಖಾರವಾದ ಸೋಪುಪುಡಿ, ಸೋಡಾ ಬೆರೆಸಿದ ಫೋಮಿನಿಂದ ತೊಳೆಸಿದ ಕಾರುಗಳಲ್ಲಿ ಹಾಲು ಚೆಲ್ಲಿ ಒಣಗಿದಂಥ ಬಿಳಿ ಕಲೆಗಳು ಏಳುವುದು ಅದಕ್ಕೇ. ತೆಳು ಕಲೆಯನ್ನು ಪಾಲಿಶ್ ತೆಗೆಯುತ್ತದೆ, ಆಳದ್ದಾದರೆ ಪದರವನ್ನೇ ತಿಕ್ಕಿ ತೆಗೆದು ಮತ್ತೆ ಏನಾದರೂ ಹೊದಿಸಬೇಕಾಗುತ್ತದೆ. ಪ್ಲಾಸ್ಟಿಕ್ ಮೇಲಿನ ಕ್ರೋಮ್ ಸುಲಿದರೆ ರಿಪೇರಿ ಇಲ್ಲ. ಮೇಲೆ ವಿನೈಲ್ ಅಂಟಿಸುವುದು ಅಥವಾ ಬದಲಿಸುವುದು.

ಈಗ ಬದಲಿಸುವ ಕೆಲಸ. ಬಿಡಿಭಾಗ ಹುಡುಕುವುದೇ ಇದರಲ್ಲಿ ಅರ್ಧ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಝೆನ್, ಎಸ್ಟೀಮ್ ಅದಕ್ಕೂ ಮುಂಚೆಯೇ ಹೋದವು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸುವಾಗ ಕಾರಿನ ಹೆಸರಷ್ಟೇ ಹೇಳಿದರೆ ಸಾಲದು. ತಯಾರಾದ ವರ್ಷ, ಚಾಸಿಸ್ ನಂಬರ್ ಕೂಡ ಹೇಳಿ, ಸಾಧ್ಯವಾದರೆ ಹಳೆಯ ಪಟ್ಟಿಯನ್ನೇ ಬಿಚ್ಚಿ ತೆಗೆದುಕೊಂಡು ಹೋಗುವುದು ಒಳ್ಳೆಯದು. ಎಷ್ಟೋ ಸಲ ಅದರ ಒಳಮೈಯಲ್ಲಿ ಪಾರ್ಟ್ ನಂಬರ್ ಅಚ್ಚಾಗಿರುತ್ತದೆ. ಎಡಬಲ, ಮುಂದೆಹಿಂದೆ ನಾಲ್ಕೂ ಬೇರೆ ಬೇರೆ ತುಂಡುಗಳು. ಕೈಗೆ ಬಂದ ಹೊಸದನ್ನು ಹಳೆಯದರ ಪಕ್ಕ ಇಟ್ಟು ಉದ್ದ, ಬಾಗು, ಕ್ಲಿಪ್ಪುಗಳ ಜಾಗ ಹೋಲಿಸದೆ ದುಡ್ಡು ಕೊಡಬೇಡಿ. ಅಂಗಡಿಯವರು ಕೆಲವೊಮ್ಮೆ, "ಸಾರ್, ಇದು ಎಲ್ಲಾ ಗಾಡಿಗೂ ಕೂರ್ತದೆ, ಮೀಟರ್ ಲೆಕ್ಕ" ಎಂದು ಸುರುಳಿ ಬೀಡಿಂಗ್ ತೋರಿಸುತ್ತಾರೆ. ಬಾಗಿಲಿನ ಸುತ್ತಲಿನ ರಬ್ಬರಿಗೆ ಅದು ನಡೆದೀತು. ಗಾಜಿನ ಬುಡಕ್ಕೆ ಬೇಡ. ಎಲುಬಿನ ಬಾಗು ಮತ್ತು ಅಂಚಿನ ಒತ್ತಡ ಆ ಬಾಗಿಲಿಗೆಂದೇ ಹೊಂದಿಸಿದ್ದಾಗಿರಬೇಕು. ಹೊಸದು ಎಲ್ಲೂ ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅದೇ ಮಾದರಿಯ ಕಾರಿನ ಹಿಂದಿನ ಬಾಗಿಲಿನ ಪಟ್ಟಿ ಒಳ್ಳೆಯ ಸ್ಥಿತಿಯಲ್ಲಿ ಸಿಗಬಹುದು, ಮುಂದಿನದು ಸಿಗುವುದು ಅಪರೂಪ.

ಬಿಚ್ಚುವ ಮೊದಲು ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಹಳೆಯ ಪಟ್ಟಿ ಮೆತ್ತಗಾಗಲಿ. ಗಾಜನ್ನು ಪೂರ್ತಿ ಇಳಿಸಿ. ಪಟ್ಟಿಯ ಕೆಳಗೆ ಪೇಂಟಿನ ಮೇಲೆ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಅನೇಕ ಕಾರುಗಳಲ್ಲಿ ಬಾಗಿಲು ತೆರೆದಾಗ ಲಾಕಿನ ಕಡೆಯ ಅಂಚಿನಲ್ಲಿ ಒಂದು ಸ್ಕ್ರೂ ಕಾಣುತ್ತದೆ, ಅದನ್ನು ಮರೆತು ಎಳೆದರೆ ಪಟ್ಟಿ ಬಾಗುತ್ತದೆ. ಕೆಲವು ಕಾರುಗಳಲ್ಲಿ ಸೈಡ್ ಮಿರರ್ ಬಿಚ್ಚಬೇಕು, ಇನ್ನು ಕೆಲವದರಲ್ಲಿ ಡೋರ್ ಪ್ಯಾಡ್ ತೆಗೆದು ಒಳಗಿನಿಂದ ಕ್ಲಿಪ್ ಒತ್ತಬೇಕು. ಎಬ್ಬಿಸಲು ಚಪ್ಪಟೆ ಸ್ಕ್ರೂಡ್ರೈವರ್ ಬೇಡವೇ ಬೇಡ. ಟ್ರಿಮ್ ತೆಗೆಯುವ ಪ್ಲಾಸ್ಟಿಕ್ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಹಿಂದಿನ ತುದಿಯಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವೇ ನೇರ ಮೇಲಕ್ಕೆ ಎತ್ತುತ್ತಾ ಬನ್ನಿ. ಬಾಗಿಲಿನ ಒಳತಗಡಿನ ಅಂಚು ಹರಿತ, ಕೈಗೆ ಗ್ಲೌಸ್ ಇರಲಿ.

ಪಟ್ಟಿ ಕೈಗೆ ಬಂದ ಮೇಲೆ ಕಾಣುವ ಆ ತಗಡಿನ ಅಂಚೇ ನಿಜವಾದ ಕೆಲಸದ ಜಾಗ. ಆತುರದಲ್ಲಿ ಹೊಸದನ್ನು ಅದರ ಮೇಲೆ ಒತ್ತಿಬಿಟ್ಟರೆ ತುಕ್ಕನ್ನು ಮುಚ್ಚಿಟ್ಟಂತೆ. ತಂತಿಬ್ರಷ್, ಎಮರಿ ಹಾಳೆಯಿಂದ ಸಡಿಲ ತುಕ್ಕನ್ನೆಲ್ಲ ತೆಗೆದು, ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಿ ಬಿಡಿ. ಅದು ಉಳಿದ ತುಕ್ಕಿನೊಂದಿಗೆ ಸೇರಿ ಕಪ್ಪು, ಗಟ್ಟಿ ಪದರವಾಗುತ್ತದೆ. ಆಮೇಲೆ ಪ್ರೈಮರ್, ಮೇಲೆ ಕಾರಿನ ಬಣ್ಣದ ಟಚಪ್. ಪೂರ್ತಿ ಒಣಗಲು ಒಂದು ರಾತ್ರಿಯಾದರೂ ಕೊಡಿ. ಅಷ್ಟರಲ್ಲಿ ಬಾಗಿಲಿನ ತಳದ ತೂತುಗಳನ್ನು ಮೆತ್ತನೆಯ ತಂತಿಯಿಂದ ಬಿಡಿಸಿ, ಒಳಗಿನ ಕಸವನ್ನು ವ್ಯಾಕ್ಯೂಮಿನಿಂದ ಎಳೆದು, ಹರಿದಿರುವ ಪ್ಲಾಸ್ಟಿಕ್ ಹಾಳೆಗೆ ತೇಪೆ ಹಾಕಿ.

ಹೊಸ ಪಟ್ಟಿಯನ್ನು ಕೂರಿಸುವಾಗ ಎಳೆದು ಹಿಗ್ಗಿಸಬೇಡಿ. ಎಳೆದು ಕೂರಿಸಿದ ರಬ್ಬರ್ ಕೆಲವೇ ತಿಂಗಳಲ್ಲಿ ತನ್ನ ಉದ್ದಕ್ಕೆ ಮರಳಿ ಮೂಲೆಯಲ್ಲಿ ಸಂದು ಬಿಡುತ್ತದೆ. ಮೇಲಾಗಿ ಹಿಗ್ಗಿ ನಿಂತ ಜಾಗದಲ್ಲೇ ಬಿರುಕು ಬೇಗ ಹುಟ್ಟುತ್ತದೆ. ಮಿರರಿನ ಮೂಲೆಯಲ್ಲಿ ಸರಿಯಾಗಿ ಹೊಂದಿಸಿಕೊಂಡು, ಅಂಗೈಯಿಂದ ಒತ್ತುತ್ತಾ ಹಿಂದಕ್ಕೆ ಹೋಗಿ, ಪ್ರತಿ ಕ್ಲಿಪ್ಪಿನ ಟಕ್ ಶಬ್ದ ಕೇಳಿಸಿಕೊಳ್ಳಿ. ಸುತ್ತಿಗೆಯ ಪೆಟ್ಟು ಬೇಡ.

ಒಂದೆರಡು ಎಚ್ಚರಿಕೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಮುಂಚೆ ಅನೇಕರು ಪೇಂಟ್ ಹೊಡೆಸುತ್ತಾರೆ. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕವೇ 600ರಿಂದ 5,000 ರೂಪಾಯಿಗೆ ಏರಿರುವಾಗ, ಪೇಂಟಿನ ಖರ್ಚು ಇಳಿಸಲು ಬೀಡಿಂಗ್ ಬಿಚ್ಚದೆ ಮೇಲೆ ಟೇಪ್ ಸುತ್ತಿ ಬಣ್ಣ ಹೊಡೆಸುವುದು ಸಹಜ. ಹಾಗೆ ಮಾಡಿದರೆ ಬಣ್ಣದ ಅಂಚು ಪಟ್ಟಿಯ ಬುಡದಲ್ಲೇ ನಿಲ್ಲುತ್ತದೆ, ನೀರು ಅಲ್ಲಿಂದಲೇ ಒಳಹೊಕ್ಕು ಸುಲಿಯಲು ಶುರುಮಾಡುತ್ತದೆ. ಪೇಂಟಿನವರಿಗೆ ಬಿಚ್ಚಿಯೇ ಹೊಡೆಯಿರಿ ಎಂದು ಮೊದಲೇ ಹೇಳಿ, ಹೊಸ ಪಟ್ಟಿಗಳನ್ನು ಆಮೇಲೆ ಕೂರಿಸಿ. ಇನ್ನೊಂದು, ಹಾಳಾದ ಬೀಡಿಂಗನ್ನು ಮರೆಮಾಡಲು ಅದರ ಮೇಲೆ ಡಬಲ್ ಟೇಪಿನಲ್ಲಿ ಅಂಟಿಸುವ ಹೊಳೆಯುವ ಕ್ರೋಮ್ ಗಾರ್ನಿಷ್. ಟೇಪಿನ ಸ್ಪಂಜು ನೀರನ್ನು ಹಿಡಿದಿಡುತ್ತದೆ, ಕೆಳಗಿನ ಕೊಳೆ ಕಾಣದಂತಾಗುತ್ತದೆ. ಈಗಾಗಲೇ ಅಂಟಿಸಿದ್ದರೆ ಬಿಸಿ ಮಾಡಿ, ಮೀನಿನ ಗಾಳದ ದಾರವನ್ನು ಗರಗಸದಂತೆ ಆಡಿಸಿದರೆ ಪೇಂಟಿಗೆ ನೋವಾಗದೆ ಬರುತ್ತದೆ. ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ.

ಈ ಕೆಲಸಕ್ಕೆ ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ರಬ್ಬರ್ ಬಿಸಿಲಿಗೆ ಮೆತ್ತಗಿರುತ್ತದೆ, ಬಣ್ಣ ಬೇಗ ಒಣಗುತ್ತದೆ, ಮುಂಗಾರಿಗೆ ಇನ್ನೂ ಸಮಯವಿರುತ್ತದೆ. ಎಲ್ಲ ಮುಗಿದ ಮೇಲೆ ಗಾಜು ಏರಿಸಿ ಪೈಪಿನಿಂದ ನೀರು ಬಿಟ್ಟು ಬಾಗಿಲಿನ ತಳ ನೋಡಿ. ತೂತಿನಿಂದ ಸ್ವಲ್ಪ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಹಾಗೆಯೇ ಆಗಬೇಕು. ಧಾರೆಯಾಗಿ ಸುರಿದರೆ ಪಟ್ಟಿ ಎಲ್ಲೋ ಸರಿಯಾಗಿ ಕೂತಿಲ್ಲ. ಒಂದು ಹನಿಯೂ ಬಾರದೆ, ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದರೆ ತೂತು ಇನ್ನೂ ಮುಚ್ಚಿದೆ ಎಂದರ್ಥ. ಮುಂದಿನ ಎರಡನ್ನು ಬದಲಿಸಿದವರು ಅಂಗಡಿಯಲ್ಲಿ ಹಿಂದಿನವೂ ಸಿಕ್ಕರೆ ಆಗಲೇ ಕೊಂಡು, ಮಡಚದೆ ಉದ್ದಕ್ಕೆ ಕಾಗದದಲ್ಲಿ ಸುತ್ತಿ, ಮನೆಯ ತಂಪಾದ ಕತ್ತಲ ಮೂಲೆಯಲ್ಲಿ ಇಟ್ಟುಕೊಳ್ಳುವುದು ಮೇಲು. ತಯಾರಿಕೆ ನಿಂತ ಕಾರಿನ ರಬ್ಬರ್ ಮುಂದಿನ ವರ್ಷವೂ ಸಿಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು.